ಪ್ಲಗ್ ಕ್ಯಾಪ್

ಲುಂಗಿ ಎತ್ತಿ ಕಟ್ಟಿದವನೊಬ್ಬ ಸಿಂಚನಾಳ ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಇಂಜಿನ್ನಿಗೆ ಕೈ ಹಾಕಿದ್ದ. ಹೋಟೆಲಿನ ಕಿಟಕಿಯಿಂದ ಅದು ಕಂಡದ್ದೇ, ಬಾಯಿಗೆ ಹೊರಟಿದ್ದ ಅವಲಕ್ಕಿ ಚಮಚದಲ್ಲೇ ಉಳಿಯಿತು. ಸಾಲಾಗಿ ಇಷ್ಟು ಬೈಕುಗಳಿರುವಾಗ ಇವನಿಗೆ ತನ್ನದೇ ಯಾಕೆ ಬೇಕಿತ್ತು?

ಸಾಗರದಿಂದ ತೀರ್ಥಹಳ್ಳಿಗೆ ಹೊರಟವಳು ಹೊಸನಗರದಲ್ಲಿ ತಿಂಡಿಗೆ ನಿಲ್ಲಿಸಿದ್ದಳು. ಅಪ್ಪ ಓಡಿಸುತ್ತಿದ್ದ ಹಳೇ ಬೈಕು. ಸವೆದ ಬೀಗ ಯಾವ ಕೀ ಹಾಕಿದರೂ ತಿರುಗುತ್ತದೆ. ಅದಕ್ಕೇ ಎಲ್ಲಿ ನಿಲ್ಲಿಸಿದರೂ ಪ್ಲಗ್ ಕ್ಯಾಪ್ ಕಳಚಿ ಬಿಟ್ಟು ಬರುತ್ತಾಳೆ. ಆಮೇಲೆ ಯಾರು ಎಷ್ಟು ಕಿಕ್ ಹೊಡೆದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಆದರೂ ಅವನ ಮಸಿ ಹತ್ತಿದ ಕೈ, ಹರಕು ಬನಿಯನ್ನು ಅವಳಿಗೆ ಸರಿ ಕಾಣಲಿಲ್ಲ. ಪುಣ್ಯಕ್ಕೆ ಇಸ್ತ್ರಿ ಅಂಗಿಯ ಹಿರಿಯರೊಬ್ಬರು ಪಕ್ಕದಲ್ಲೇ ನಿಂತು ಅವನನ್ನು ಏನೋ ವಿಚಾರಿಸುತ್ತಿದ್ದರು. ಅಂಥವರ ಕಣ್ಣೆದುರಿಗೆ ಇವನು ಏನು ತಾನೇ ಮಾಡಿಯಾನು ಎಂದುಕೊಂಡು ಎದ್ದಳು.

ಅಷ್ಟರಲ್ಲಿ ಅವನೇ ಕೈ ತೊಳೆಯಲು ಹೋಟೆಲಿನ ನಲ್ಲಿಯ ಹತ್ತಿರ ಬಂದು ನೀರು ಬಿಟ್ಟ. ಸಿಂಚನಾ ಅಡ್ಡ ನಿಂತಳು.

"ನನ್ ಬೈಕಿಗೆ ಎಂತ ಮಾಡ್ತಿದ್ರಿ?"

"ನಿಮ್ದಾ?" ಅವನು ನಲ್ಲಿ ನಿಲ್ಲಿಸುವುದನ್ನೂ ಮರೆತ. "ಅವ್ರು ತಮ್ದು ಅಂದ್ರಲ್ಲ. ಪಾಪ, ಕಿಕ್ ಹೊಡ್ದು ಹೊಡ್ದು ಸುಸ್ತಾಗಿದ್ರು. ನೋಡಿದ್ರೆ ಪ್ಲಗ್ ಕ್ಯಾಪ್ ಕಳಚಿತ್ತು. ಹಾಕ್ಕೊಟ್ಟು ಬಂದೆ."

"ಯಾರು ಅವ್ರು?"

ಅವನು ಉತ್ತರ ಕೊಡುವ ಮೊದಲೇ ಅವಳ ಬೆನ್ನ ಹಿಂದೆ, ರಸ್ತೆಯಲ್ಲಿ, ಅಪ್ಪನ ಬೈಕು ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು.