ನಾಲ್ಕು ಜನ ಕೂರುವ ಮೇಜು

ಬಡಗಿ ಕಿಟಕಿಯ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದಾಗ ಅವನ ಹೆಂಡತಿ ಅಂಗಡಿಗೆ ಬಂದಳು. ಗಿರಾಕಿಗಳು ಕೂರುವ ಸ್ಟೂಲಿನ ಮೇಲಿದ್ದ ಹೊಟ್ಟನ್ನು ಕೈಯಿಂದ ಕೊಡವಿ ಕೂತಳು. ಮನೆಯಲ್ಲಿ ಯಾರಿಗೇನಾಯಿತೋ ಎಂದು ಅವನಿಗೆ ಗಾಬರಿಯಾಯಿತು. ಯಾರಿಗೂ ಏನೂ ಆಗಿರಲಿಲ್ಲ. ಅವಳು ಬಂದದ್ದು ಆರ್ಡರ್ ಕೊಡಲು.

"ಊಟದ ಮೇಜು ಬೇಕಿತ್ತು. ನಾಲ್ಕು ಜನಕ್ಕೆ, ಕುರ್ಚಿ ಸಮೇತ."

"ಯಾರಿಗೆ?"

"ನಮ್ಮನೆಗೆ. ತಗೊಳ್ಳಿ, ಇದು ಅಡ್ವಾನ್ಸು."

ಅವಳು ಮುಂದೆ ಹಿಡಿದದ್ದು ದೊಡ್ಡ ಟೀವಿಗೆಂದು ಇಬ್ಬರೂ ಸೇರಿ ಕೂಡಿಟ್ಟಿದ್ದ ದುಡ್ಡು. ಬಡಗಿಗೆ ನಗು ಬಂತು, ಜೊತೆಗೆ ಸ್ವಲ್ಪ ಸಿಟ್ಟೂ. ಟೀವಿ ಬೇಕೆಂದು ಹಟ ಹಿಡಿದಿದ್ದವನು ಅವನೇ. ಇದಕ್ಕೆಲ್ಲ ದುಡ್ಡೇಕೆ, ಬಿಡುವಾದಾಗ ನಾನೇ ಮಾಡಿ ಹಾಕುತ್ತೇನಲ್ಲ ಎಂದ. ಮದುವೆಯಾದಾಗಿನಿಂದ ಆ ಬಿಡುವಿಗೇ ಕಾಯುತ್ತಿದ್ದೇನೆ ಎಂದಳು ಅವಳು, ದನಿ ಏರಿಸದೆ.

ಅಂಗಡಿಗೆ ಬಂದವರಿಗೆಲ್ಲ ಅವನು ಹೇಳುತ್ತಿದ್ದ ಮಾತೊಂದಿತ್ತು: ಮನೆಮಂದಿ ಒಟ್ಟಿಗೆ ಕೂತು ಉಂಡರೆ ಅದು ಮನೆ, ಇಲ್ಲದಿದ್ದರೆ ಬರೀ ಗೋಡೆ. ವ್ಯಾಪಾರಕ್ಕೆಂದು ಹೇಳುತ್ತಿದ್ದ ಮಾತಲ್ಲ, ಮನಸ್ಸಿನಿಂದಲೇ ಬರುತ್ತಿತ್ತು. ಆದರೆ ಅವನ ಮನೆಯಲ್ಲಿ ಅವನು ಟೀವಿಯ ಮುಂದೆ ಉಣ್ಣುತ್ತಿದ್ದ. ತಾಯಿ ಮಂಚದ ಮೇಲೆ. ಮಗಳು ಕೋಣೆಯ ಬಾಗಿಲು ಹಾಕಿಕೊಂಡು. ಹೆಂಡತಿ ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ.

ಉಜ್ಜುಗೊರಡನ್ನು ಕೆಳಗಿಟ್ಟು ಕೇಳಿದ: "ಯಾವ ಮರ ಹಾಕ್ಲಿ, ಮೇಡಂ?"

"ಬೇರೆಯವ್ರಿಗೆ ಯಾವುದು ಒಳ್ಳೇದು ಅಂತೀರೋ ಅದೇ. ಮನೆಯವ್ರು ತಾನೇ ಅಂತ ಚೂರುಪಾರು ಸೇರಿಸಿ ಜೋಡಿಸ್ಬೇಡಿ."

ಒಳ್ಳೆಯ ಮರವನ್ನೇ ಆರಿಸಿ ತಂದ. ತಾಯಿ ಓಡಾಡುವಾಗ ತಾಗದಿರಲೆಂದು ಮೂಲೆಗಳನ್ನು ದುಂಡಗೆ ಕೆತ್ತಿದ. ಪಾಲಿಶ್ ಮಾಡುತ್ತಿದ್ದ ದಿನ ಒಬ್ಬರು ಬಂದು, ಅದನ್ನೇ ನಮಗೆ ಕೊಡಿ, ಎಷ್ಟಾದರೂ ಪರವಾಗಿಲ್ಲ ಎಂದರು. ಈ ಗಿರಾಕಿ ಸ್ವಲ್ಪ ಜೋರು, ಕೊಟ್ಟರೆ ನಾನು ಊರಲ್ಲಿ ಉಳಿಯುವುದಿಲ್ಲ ಎಂದು ನಗಿಸಿ ಸಾಗಹಾಕಿದ.

ಮೇಜು ಮನೆಗೆ ಬಂದ ಸಂಜೆ ನಾಲ್ವರೂ ಕೂತರು. ಬಸ್ಸಿನಲ್ಲಿ ಎದುರುಬದುರು ಸೀಟು ಸಿಕ್ಕವರ ಹಾಗೆ, ಮೊದಲು ಯಾರಿಗೂ ಮಾತು ಹೊರಡಲಿಲ್ಲ. ತಾಯಿ ಕುರ್ಚಿ ಎತ್ತರವಾಯಿತೆಂದು ಗೊಣಗಿ, ಆಮೇಲೆ ಬೆನ್ನಿಗೆ ಹಿತವಾಗಿದೆ ಎಂದು ತಾವೇ ಒಪ್ಪಿಕೊಂಡರು. ಮಗಳು ಕಾಲೇಜಿನದೇನೋ ಹೇಳಿ ನಗಿಸಿದಳು. ಅವಳಿಗೆ ಬೇರೆಯವರ ದನಿ ಅಷ್ಟು ಚೆನ್ನಾಗಿ ಅನುಕರಿಸಲು ಬರುತ್ತದೆಂದು ಬಡಗಿಗೆ ಗೊತ್ತಾದದ್ದು ಅವತ್ತೇ.

ನಗುತ್ತ ನಗುತ್ತ ತಾಯಿಯ ಕಣ್ಣು ಸೊಸೆಯ ತಟ್ಟೆಯ ಮೇಲೆ ಬಿತ್ತು.

"ಇಷ್ಟೇನೇ ನೀನು ತಿನ್ನೋದು?"

"ದಿನಾ ಇಷ್ಟೇ ಅತ್ತೆ. ಇಷ್ಟೇ ಉಳಿಯೋದು. ಅಭ್ಯಾಸ ಆಗೋಗಿದೆ."

ಅವಳು ಸಹಜವಾಗಿಯೇ ಹೇಳಿದ್ದಳು. ಬಡಗಿಯ ಕೈ ತುತ್ತಿನ ಮೇಲೆ ನಿಂತಿತು. ಮಗಳು ಅನ್ನದ ಪಾತ್ರೆಯನ್ನು ಎರಡೂ ಕೈಯಿಂದ ತಳ್ಳಿದಳು. ನುಣುಪು ಮರದ ಮೇಲೆ ಅದು ಮೆಲ್ಲಗೆ ಜಾರಿ, ಅಮ್ಮನ ತಟ್ಟೆಗೆ ತಾಗಿ ನಿಂತಿತು.