ಬಣ್ಣ ಹೋದ ಮೇಲೆ

ಬಣ್ಣದ ಕಾರ್ಖಾನೆಯ ಯಜಮಾನರು ನೀರಿನ ಲೋಟವನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಬೆಳಿಗ್ಗೆ ಹತ್ತಕ್ಕೆ ತೊಟ್ಟಿಗೆ ಬಿಟ್ಟಾಗ ದಾಳಿಂಬೆ ರಸದ ಹಾಗಿದ್ದ ನೀರು ಹನ್ನೊಂದೂವರೆಗೆಲ್ಲ ತಿಳಿಯಾಗಿತ್ತು. ಅವರ ಮುಖ ಅರಳಿತು. ಲೋಟವನ್ನು ಕಟ್ಟೆಯ ಮೇಲಿಟ್ಟು, ಕಾಲುವೆಯ ಕಡೆಯ ವಾಲ್ವ್ ತೆಗೆಯುವಂತೆ ಮೇಸ್ತ್ರಿಗೆ ಸನ್ನೆ ಮಾಡಿದರು.

"ಈಗಲೇ ತೆಗೀಬೇಡಿ ಮಾವ," ಎಂದಳು ಸಂಶೋಧಕಿ.

ಮೇಸ್ತ್ರಿ ಅವಳ ಸೋದರಮಾವ. ಮೂವತ್ತೊಂದು ವರ್ಷದಿಂದ ಇಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದವರು. ನಮ್ಮ ಹುಡುಗಿ ಕೈ ಹಾಕಿದರೆ ಆಗಿಯೇ ಆಗುತ್ತದೆ ಎಂದು ಯಜಮಾನರ ಮುಂದೆ ಎದೆ ತಟ್ಟಿ ಹೇಳಿ, ಅಂಗಳದ ಮೂಲೆಯ ಈ ತೊಟ್ಟಿಯನ್ನು ಅವಳಿಗೆ ಕೊಡಿಸಿದ್ದರು. ಅವಳು ಪ್ರಯೋಗಾಲಯದಲ್ಲಿ ಸತುವಿನ ಲವಣ ಕರಗಿಸಿದ ಬಿಸಿನೀರಿನೊಳಗೆ ಗಾಜಿನ ಹಲಗೆಗಳನ್ನು ಆರು ಗಂಟೆ ಮುಳುಗಿಸಿಟ್ಟು, ಅವುಗಳ ಮೇಲೆ ಸತುವಿನ ಆಕ್ಸೈಡ್ ಬೆಳೆಸುತ್ತಿದ್ದಳು. ಬರಿಗಣ್ಣಿಗೆ ಕಾಣುವುದು ಕನ್ನಡಿಯ ಮೇಲೆ ಉಸಿರು ಬಿಟ್ಟಂಥ ಮಬ್ಬು ಅಷ್ಟೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒತ್ತೊತ್ತಾಗಿ ಎದ್ದು ನಿಂತ ನ್ಯಾನೋ ಕಡ್ಡಿಗಳ ಕಾಡು. ಹಲಗೆಗಳನ್ನು ತೊಟ್ಟಿಯ ನೀರಿಗೆ ಇಳಿಸಿಟ್ಟರೆ, ಬಿಸಿಲು ಬಿದ್ದಾಗ ಆ ಕಡ್ಡಿಗಳು ನೀರಿನಲ್ಲಿರುವ ಬಣ್ಣವನ್ನು ಒಡೆಯಲು ಶುರು ಮಾಡುತ್ತಿದ್ದವು. ಮೊದಲು ತಂದ ಹಲಗೆಗಳು ಎರಡೇ ದಿನಕ್ಕೆ ಬೋಳಾಗಿದ್ದವು. ಕೆಂಪು ನೀರು ಹುಳಿ, ನಿನ್ನ ಕಡ್ಡಿಗಳನ್ನು ಅದೇ ತಿಂದು ಹಾಕುತ್ತಿದೆ, ಮೊದಲು ಸೋಡಾ ಹಾಕಿ ಹುಳಿ ಕಳೆ ಎಂದು ದಾರಿ ತೋರಿಸಿದ್ದು ಮೇಸ್ತ್ರಿಯೇ. ಆಮೇಲೆ ತಂದ ಹಲಗೆಗಳು ಎರಡು ತಿಂಗಳಾದರೂ ಜಗ್ಗಿರಲಿಲ್ಲ.

"ಬಣ್ಣ ಹೋಯ್ತಲ್ಲಮ್ಮ. ಇನ್ನೇನು ಬೇಕು?" ಯಜಮಾನರು ಕೇಳಿದರು.

"ಬಣ್ಣ ಹೋಗಿದೆ ಸರ್. ಬಣ್ಣ ಮಾಡಿದ ಸರಕು ಇನ್ನೂ ನೀರಲ್ಲೇ ಇದೆ."

ಬಣ್ಣ ಮೊದಲು ಚೂರಾಗುತ್ತದೆ, ಚೂರುಗಳಿಗೆ ಬಣ್ಣವಿಲ್ಲ, ಆದರೆ ಅವುಗಳಲ್ಲಿ ಕೆಲವು ಬಣ್ಣಕ್ಕಿಂತ ಕೆಟ್ಟವು, ಅವೂ ಮುಗಿಯಬೇಕಾದರೆ ಇನ್ನೆರಡು ಗಂಟೆ ಬಿಸಿಲು ಬೇಕು ಎಂದು ಅವಳು ಬಿಡಿಸಿ ಹೇಳಿದಳು. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಎರಡು ಗಂಟೆ ತೊಟ್ಟಿ ಖಾಲಿಯಾಗದಿದ್ದರೆ ಮುಂದಿನ ಪಾಳಿಯ ನೀರು ಎಲ್ಲಿ ಬಿಡುವುದು ಎಂದರು. ನಾಳೆ ನೀರು ನೋಡಲು ಬರುವ ಅಧಿಕಾರಿಗಳಿಗೆ ಕಣ್ಣಿಗೆ ಕಂಡದ್ದೇ ಲೆಕ್ಕ, ಅವಳು ಶುದ್ಧವಾಗಿದೆ ಎಂದು ಒಂದು ಕಾಗದ ಬರೆದುಕೊಟ್ಟರೆ ಸಾಕು ಎಂದರು. ಕೊಡಲಾಗದಿದ್ದರೆ ಸಂಜೆಯ ವ್ಯಾನಿನಲ್ಲಿ ಗಾಜುಗಳನ್ನು ವಾಪಸು ಕಳಿಸಿಬಿಡುತ್ತೇನೆ ಎಂದು, ದನಿ ಏರಿಸದೆಯೇ ಸೇರಿಸಿದರು.

ಅವಳು ಮಾವನ ಕಡೆ ನೋಡಿದಳು. ಗಾಜುಗಳ ಜೊತೆ ಅವಳೂ ಹೊರಟುಹೋಗಬಹುದಿತ್ತು. ಆದರೆ ನಾಳೆ ಬೆಳಿಗ್ಗೆ ಈ ಗೇಟಿನೊಳಗೆ ತಲೆ ತಗ್ಗಿಸಿ ಬರಬೇಕಾದವರು ಅವರು. ಅದು ಅವಳಿಗೆ ಗೊತ್ತಿತ್ತು. ಮಾತು ಮಾತ್ರ ತಡವರಿಸಲಿಲ್ಲ. ಆ ಎರಡು ಗಂಟೆಯ ಲೆಕ್ಕವನ್ನು ಅವಳು ನಲವತ್ತು ಸಲ ಪರೀಕ್ಷೆ ಮಾಡಿ ನೋಡಿದ್ದಳು.

"ಕಾಗದ ಕೊಡ್ತೀನಿ ಸರ್. ಮಧ್ಯಾಹ್ನ ಒಂದೂವರೆಗೆ. ಅದಕ್ಕೆ ಮುಂಚೆ ಕೊಡಲ್ಲ."

ಮೇಸ್ತ್ರಿ ವಾಲ್ವಿನಿಂದ ಕೈ ತೆಗೆದು ಕಟ್ಟೆಯ ಮೇಲೆ ಕುಳಿತರು. "ಕಾಯೋಣ ಯಜಮಾನ್ರೆ. ಬಿಸಿಲೇನು ಅರ್ಧ ದಿನ ರಜಾ ಕೇಳಿಲ್ಲವಲ್ಲ."

ಯಜಮಾನರು ನಗಲಿಲ್ಲ. ಒಳಗೂ ಹೋಗಲಿಲ್ಲ.

ಒಂದೂವರೆಗೆ ಅವಳು ತೊಟ್ಟಿಯಿಂದ ಇನ್ನೊಂದು ಲೋಟ ನೀರು ತೆಗೆದು ಮೊದಲಿನದರ ಪಕ್ಕದಲ್ಲಿಟ್ಟಳು. ಎರಡೂ ಅವಳಿ ಮಕ್ಕಳ ಹಾಗಿವೆ, ಇದಕ್ಕಾ ಎರಡು ಗಂಟೆ ಕಾಯಿಸಿದ್ದು ಎಂದು ಯಜಮಾನರು ಗೊಣಗಿದರು. ಅವಳು ಚೀಲದಿಂದ ಒಂದು ಪುಟ್ಟ ಸೀಸೆ ತೆಗೆದಳು. ಬಾವಿಗೆ ಹಾಕುವ ಪರ್ಮಾಂಗನೇಟೇ ಇದು, ನೀರಲ್ಲಿ ಕೊಳೆ ಉಳಿದಿದ್ದರೆ ಈ ಗುಲಾಬಿ ಬಣ್ಣವನ್ನು ಅದು ನುಂಗಿಹಾಕುತ್ತದೆ ಎಂದು ಹೇಳಿ, ಎರಡೂ ಲೋಟಗಳಿಗೆ ಮೂರು ಮೂರು ಹನಿ ಬಿಟ್ಟಳು. ಎರಡೂ ಗುಲಾಬಿಯಾದವು. ನೋಡನೋಡುತ್ತಿದ್ದಂತೆ ಮೊದಲಿನ ಲೋಟ ಮಂಕಾಯಿತು, ಕಂದಾಯಿತು, ಕೊನೆಗೆ ತೊಳೆದ ಪಾತ್ರೆಯ ನೀರಿನ ಹಾಗೆ ರಾಡಿ ಹಳದಿಯಾಯಿತು. ಎರಡನೆಯದು ಹತ್ತು ನಿಮಿಷ ಕಳೆದರೂ ಗುಲಾಬಿಯಾಗಿಯೇ ಉಳಿಯಿತು. ಮೇಸ್ತ್ರಿ ಬಗ್ಗಿ ಅದನ್ನೇ ನೋಡುತ್ತಿದ್ದರು. ಬಣ್ಣ ನಿಂತಿತೋ ಇಲ್ಲವೋ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಯಜಮಾನರು ರಾಡಿಯಾದ ಲೋಟವನ್ನು ಎತ್ತಿಕೊಂಡು ಚೆಲ್ಲಲು ಕಾಲುವೆಯ ಕಡೆ ಎರಡು ಹೆಜ್ಜೆ ಹೋದರು. ಅಲ್ಲಿ ನಿಂತರು. ಹಿಂದಕ್ಕೆ ಬಂದು ಲೋಟವನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟರು. ಇಂಥದೇ ಇನ್ನೊಂದು ತೊಟ್ಟಿ ಇದ್ದರೆ ಪಾಳಿ ನಿಲ್ಲುವುದಿಲ್ಲ ಅಲ್ಲವೇ ಎಂದು ಕೇಳಿದರು. ನಿಲ್ಲುವುದಿಲ್ಲ ಎಂದಳು ಅವಳು.

"ಈ ಅಂಗಳದಲ್ಲಿ ಬಿಸಿಲು ಎಲ್ಲಿ ಜಾಸ್ತಿ ಹೊತ್ತು ಇರುತ್ತೆ?"

ಅವಳು ಯೋಚಿಸಲೇ ಇಲ್ಲ, ಬೆರಳು ತೋರಿಸಿದಳು. ಅಲ್ಲಿ ನಾಲ್ಕು ಕಂಬಗಳ ಮೇಲೆ ತಗಡಿನ ಮಾಡು, ಅದರ ತಂಪಿನಲ್ಲಿ ಯಜಮಾನರ ಬಿಳಿ ಕಾರು. ಮೇಸ್ತ್ರಿ ಕೆಮ್ಮಿ ಬೇರೆ ಕಡೆ ತಿರುಗಿಕೊಂಡರು.

ಯಜಮಾನರು ಆ ಮಾಡನ್ನು ಒಂದು ಸಲ, ಅವಳನ್ನು ಒಂದು ಸಲ ನೋಡಿದರು. "ತಗಡು ಬಿಚ್ಚೋದಕ್ಕೆ ಎಷ್ಟು ಜನ ಬೇಕು ಮೇಸ್ತ್ರಿ?" ಎನ್ನುತ್ತಾ ಜೇಬಿನಲ್ಲಿ ಕಾರಿನ ಕೀಲಿಗಾಗಿ ತಡಕಾಡತೊಡಗಿದರು.