ಪಾದ್ರಿಯ ಕುಣಿ

ಹೊಸದಾಗಿ ಅಗೆದ ಎರೆಮಣ್ಣಿನ ವಾಸನೆ ಬಂದರೆ ಇಂದಿಗೂ ಅಬ್ಬಿಗೇರಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಪರದೇಶದಿಂದ ಬಂದು, ಸೈಕಲ್ ಮೇಲೆ ಊರೂರು ತಿರುಗಿ ಔಷಧ ಕೊಡುತ್ತಿದ್ದ ಪಾದ್ರಿ ನಮ್ಮೂರಲ್ಲೇ ಜ್ವರದಿಂದ ತೀರಿಕೊಂಡಿದ್ದರು. ಅಜ್ಜ ನಮ್ಮ ಹೊಲದ ಮೂಲೆಯಲ್ಲಿ ಜಾಗ ಕೊಟ್ಟು, ನಮ್ಮ ಹಿರಿಯರನ್ನು ಕೂರಿಸಿ ಮಣ್ಣು ಮಾಡುವಂತೆ ಅವರನ್ನೂ ಕೂರಿಸಲೆಂದು ಆಳವಾದ ಚೌಕ ಕುಣಿ ತೋಡಿಸಿದ್ದ. ಅಜ್ಜಿ ವಿಭೂತಿ ತಂದಿದ್ದಳು.

ಗದಗಿನಿಂದ ಇನ್ನೊಬ್ಬ ಪಾದ್ರಿ ಉದ್ದನೆಯ ಪೆಟ್ಟಿಗೆ ತಂದರು. ಕುಣಿ ನೋಡಿ, “ನಮ್ಮಲ್ಲಿ ಮಲಗಿಸ್ತೀವ್ರಿ” ಎಂದರು ಮೆಲ್ಲಗೆ.

ಆಳುಗಳು ಮುಖ ಮುಖ ನೋಡಿಕೊಂಡರು. ಅಜ್ಜ ಅಂಗಿ ಬಿಚ್ಚಿ ತಾನೇ ಗುದ್ದಲಿ ಎತ್ತಿಕೊಂಡ.

“ಉದ್ದಕ ಅಗೀರಿ. ಹತ್ತ ವರ್ಷ ಕುಂಡ್ರಿ ಕುಂಡ್ರಿ ಅಂದ್ರೂ ನಮ್ಮ ಕಟ್ಟಿ ಮ್ಯಾಲ ಒಂದಿನಾ ಕುಂಡ್ರಲಿಲ್ಲ ಆ ಮನಷ್ಯಾ. ಈಗರೆ ಕಾಲ ಚಾಚಿ ಮಲಗ್ಲಿ.”